ಫೆಲೋಶಿಪ್ ಅರ್ಜಿ ಬರೆಯುವ ಮೊದಲು ನಿಮ್ಮ ಮನೆಯ ಕಡತ ತೆಗೆಯಿರಿ

ಶಿವಮೊಗ್ಗದಲ್ಲಿ ಕಾನೂನು ಓದುವ ಮಕ್ಕಳು ಫೆಲೋಶಿಪ್, ಅಂದರೆ ಭತ್ಯೆ ಪಡೆದು ಕೆಲಸ ಕಲಿಯುವ ಅವಕಾಶದ ಅರ್ಜಿ ಹಿಡಿದು ನನ್ನ ಕಚೇರಿಗೆ ಬರುತ್ತಾರೆ. 'ಒಂದ್ಸಲ ನೋಡಿ ಸರ್' ಎನ್ನುತ್ತಾರೆ. ಅಂಕ ಚೆನ್ನಾಗಿರುತ್ತದೆ. ಓಡಾಡಿ ಕೆಲಸ ಕಲಿತಿರುತ್ತಾರೆ. ಆದರೆ 'ನಿಮಗೆ ಇದು ಯಾಕೆ ಬೇಕು' ಎಂದು ಕೇಳುವ ಆ ಎರಡು ಪುಟದಲ್ಲಿ ಎಡವುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವುದಕ್ಕೆ ಅರ್ಜಿ ಹಾಕುತ್ತೀರಿ ಎಂದು ತೀರ್ಮಾನಿಸಿ. ಶಾಸನ ಹೇಗೆ ಆಗುತ್ತದೆ ಎಂದು ನೋಡುವ ಆಸೆ ಇದ್ದರೆ ಲ್ಯಾಂಪ್ (ಸಂಸದರ ಶಾಸನ ಸಹಾಯಕ) ಫೆಲೋಶಿಪ್ ಇದೆ. ಶಾಸನಗಳ ಬಗ್ಗೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆ ಅದನ್ನು 2010ರಿಂದ ನಡೆಸುತ್ತಿದೆ. ದೆಹಲಿಯಲ್ಲಿ ಒಬ್ಬ ಸಂಸದರ ಜೊತೆ, ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಕೆಲಸ. ವಯಸ್ಸು 25 ದಾಟಿರಬಾರದು. ಕೋರ್ಟ್ ಕಡೆ ಮನಸ್ಸಿದ್ದರೆ ಸುಪ್ರೀಂ ಕೋರ್ಟಿನಲ್ಲಿ, ನಮ್ಮ ಹೈಕೋರ್ಟಿನಲ್ಲಿ ಲಾ ಕ್ಲರ್ಕ್ ಕೆಲಸ ಇದೆ. ನ್ಯಾಯಮೂರ್ತಿಗಳಿಗೆ ಕಡತ ಓದಿ ಸಾರಾಂಶ ಬರೆದು ಕೊಡುವುದು, ಹಳೆಯ ತೀರ್ಪು ಹುಡುಕುವುದು. ಸಿವಿಲ್ ಜಡ್ಜ್ ಆಗಬೇಕೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಲಾ ಕ್ಲರ್ಕ್ ಆಗಿದ್ದ ಕಾಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ.

ಊರಲ್ಲೇ ಸೀನಿಯರ್ ವಕೀಲರ ಹತ್ತಿರ ಕಲಿಯುವ ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳ ಭತ್ಯೆ ಕೊಡುತ್ತದೆ. ಸಮಾಜ ಕಲ್ಯಾಣ ಇಲಾಖೆಗೆ ಹೋಗಿ ಕೇಳಿ, ನಾಚಿಕೆ ಬೇಡ.

ಅಂಕಪಟ್ಟಿ, ಫೋಟೊ, ಗುರುತಿನ ಚೀಟಿ ಎಲ್ಲಾ ಒಂದೇ ಸಂಜೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಇದು ಸುಲಭ.

ಈಗ ಆ ಎರಡು ಪುಟ. ಹತ್ತರಲ್ಲಿ ಎಂಟು ಅರ್ಜಿ 'ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ಒಲವು' ಎಂದೇ ಶುರುವಾಗುತ್ತವೆ. ಸಾಗರದ ಕಡೆಯ ಹುಡುಗಿಯೊಬ್ಬಳೂ ಹಾಗೇ ಬರೆದು ತಂದಿದ್ದಳು. ಮನೆ ಕಡೆ ಏನು ಎಂದು ಕೇಳಿದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅಜ್ಜನ ಮನೆ ಮುಳುಗಿತ್ತು. ಈಗ ಇರುವ ಜಾಗದ ಪಹಣಿಯಲ್ಲಿ ಇನ್ನೂ 'ಅರಣ್ಯ' ಎಂದೇ ಇದೆ. 'ಇದನ್ನು ಯಾಕೆ ಬರೆಯಲಿಲ್ಲ?' ಎಂದೆ. 'ಅದು ಮನೆ ವಿಷಯ ಅಲ್ವಾ ಸರ್' ಎಂದಳು. ಅಲ್ಲ ತಾಯಿ, ಅದೇ ನಿನ್ನ ಅರ್ಜಿ.

ಬರೆಯುವ ಕ್ರಮ ಹೇಳುತ್ತೇನೆ. ಮೊದಲ ಪ್ಯಾರಾದಲ್ಲಿ ಕಣ್ಣಾರೆ ಕಂಡದ್ದು ಮಾತ್ರ ಇರಲಿ. ಯಾವ ಕಚೇರಿ, ಯಾವ ಕಾಗದ, ಯಾರು ಏನು ಹೇಳಿ ವಾಪಸ್ ಕಳಿಸಿದರು. ಎರಡನೆಯದರಲ್ಲಿ ಕಾಯ್ದೆ ಏನು ಹೇಳುತ್ತದೆ ಎಂದು ಬರೆಯಿರಿ. ಉದಾಹರಣೆಗೆ 2006ರ ಅರಣ್ಯ ಹಕ್ಕು ಕಾಯ್ದೆ. ಅರಣ್ಯ ಜಾಗದ ಮೇಲೆ ಹಕ್ಕು ಸಿಗಬೇಕಾದರೆ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬದುಕಿದ್ದನ್ನು ತೋರಿಸಬೇಕು. ಸೋರುವ ಮನೆಯಲ್ಲಿ, ಗೆದ್ದಲಿನ ನಡುವೆ 75 ವರ್ಷದ ಕಾಗದ ಉಳಿದಿರುತ್ತದೆಯೇ? ಆದರೆ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಬಹುದು ಎಂದು ಅದೇ ಕಾಯ್ದೆಯ ನಿಯಮ ಹೇಳುತ್ತದೆ. ಮೂರನೆಯ ಪ್ಯಾರಾದಲ್ಲಿ ಈ ನಿಯಮಕ್ಕೂ ನೀವು ಕಂಡ ಕಚೇರಿಗೂ ಎಲ್ಲಿ ತಾಳೆಯಾಗುವುದಿಲ್ಲ ಎಂದು ತೋರಿಸಿ. ಅದನ್ನು ಅರ್ಥ ಮಾಡಿಕೊಳ್ಳಲು ಈ ಫೆಲೋಶಿಪ್ಪಿನ ಯಾವ ಕೆಲಸ ನಿಮಗೆ ಬೇಕು ಎನ್ನುವುದು ಕೊನೆಗೆ. ಅಷ್ಟು ಸಾಕು.

ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ಇದರಲ್ಲಿ ನನ್ನದು ಹಠ. ಅಮ್ಮನಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಸಾಲು ಹೊಡೆದುಹಾಕಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಭಾಷೆ ಸ್ವಲ್ಪ ಒರಟಾದರೂ ಪರವಾಗಿಲ್ಲ.

ದುಡ್ಡು ಕೊಟ್ಟರೆ ಸಿದ್ಧ ಪ್ರಬಂಧ ಕೊಡುವವರಿದ್ದಾರೆ. ಬೇಡ. ಒಂದೇ ಸಾಲನ್ನು ಹತ್ತು ಅರ್ಜಿಯಲ್ಲಿ ಓದಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಶುಲ್ಕ ಕಟ್ಟಿಸಿಕೊಂಡು ಮನೆಗೇ ಪ್ರಮಾಣಪತ್ರ ಕಳಿಸುವ ಆನ್‌ಲೈನ್ ಇಂಟರ್ನ್‌ಶಿಪ್ಪೂ ಬೇಡ. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅನುಮತಿ ಕೇಳಿ ಒಂದು ತಿಂಗಳು ಕೂರಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು ಎಂದು 1987ರ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಬರುವವರ ಮಾತು ಕೇಳಿ. ಬರೆಯಲು ವಿಷಯ ತಾನಾಗಿ ಸಿಗುತ್ತದೆ. ಮಾಡದ ಕೆಲಸ ಮಾತ್ರ ಬರೆಯಬೇಡಿ. ಸಂದರ್ಶನದಲ್ಲಿ ಮೊದಲು ಕೆದಕುವುದೇ ಅದನ್ನು.

ಶಿಫಾರಸು ಪತ್ರ ಬೇಕಿದ್ದರೆ ಮೂರು ವಾರ ಮೊದಲೇ ಕೇಳಿ. ನಿಮ್ಮ ಕೆಲಸ ನೋಡಿದ ಮೇಷ್ಟ್ರು ಬರೆದರೆ ಸಾಕು, ಹೆಸರುವಾಸಿ ವಕೀಲರೇ ಆಗಬೇಕೆಂದಿಲ್ಲ.

ವಕೀಲಿ ಮಾಡಲು ಸನ್ನದು ತೆಗೆದುಕೊಂಡವರಿಗೆ ಇನ್ನೊಂದು ಮಾತು. ಸಂಬಳದ ಪೂರ್ಣಾವಧಿ ಕೆಲಸಕ್ಕೆ ಸೇರಿದರೆ ವಕೀಲಿ ನಿಲ್ಲಿಸಿ ವಕೀಲರ ಪರಿಷತ್ತಿಗೆ ತಿಳಿಸಬೇಕು. ಇದನ್ನು ಮರೆತು ಆಮೇಲೆ ಓಡಾಡಿದವರನ್ನು ನೋಡಿದ್ದೇನೆ.

ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ತೀರ್ಥಹಳ್ಳಿ, ಹೊಸನಗರದ ಕಡೆಯವರಂತೂ ಮೂರು ದಿನ ಮೊದಲೇ ಕಳಿಸಿ. ಜುಲೈ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.