ತಂತಿ ಪಕ್ಕದ ಮರವನ್ನು ನಾನು ಸವರಿದ ಬಗೆ

ಮನೆ ಹಿಂದಿನ ಮರದ ತುದಿ ಎಲೆಗಳು ಕಂದುಬಣ್ಣಕ್ಕೆ ತಿರುಗಿದ್ದವು. ಹುಳ ಬಿದ್ದಿರಬೇಕು ಅಂದುಕೊಂಡೆ. ಒಂದು ಸಂಜೆ ತುಂತುರು ಮಳೆಯಲ್ಲಿ ಚರ್ ಚರ್ ಅಂತ ಸದ್ದು ಕೇಳಿಸಿತು. ಕತ್ತೆತ್ತಿ ನೋಡಿದರೆ, ಒದ್ದೆ ರೆಂಬೆಯೊಂದು ಗಾಳಿಗೆ ತೂಗಿ 11 ಸಾವಿರ ವೋಲ್ಟ್‌ನ ತಂತಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಸಣ್ಣ ನೀಲಿ ಕಿಡಿ. ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿದೆ, ವಿದ್ಯುತ್ ಕಚೇರಿಗೆ ಫೋನ್ ಮಾಡಿದೆ. ಹಸಿ ಮರದ ತುಂಬಾ ನೀರಿರುತ್ತದೆ. ಅದರ ಮೂಲಕ ಕರೆಂಟ್ ನೆಲದವರೆಗೂ ಇಳಿಯಬಹುದು. ಬುಡ ಮುಟ್ಟಿದರೂ ಸಾಕು, ಜೀವ ಹೋಗಬಹುದು.

ಅವರು ಬಂದರು, ಲೈನ್ ಆಫ್ ಮಾಡಿದರು, ಮರದ ನೆತ್ತಿಯನ್ನು ಸಪಾಟಾಗಿ ಕತ್ತರಿಸಿ ಹೋದರು. ನೋಡಿ ಹೊಟ್ಟೆ ಉರಿಯಿತು. ಮುಂದಿನ ಮಳೆ ಬರುವಷ್ಟರಲ್ಲಿ ಕಡಿದ ಜಾಗದಿಂದ ಪೊರಕೆ ಕಡ್ಡಿಗಳ ಹಾಗೆ ನೆಟ್ಟಗೆ ಚಿಗುರೆದ್ದಿತ್ತು. ಹೀಗೆ ಬರುವ ಚಿಗುರು ಮಾಮೂಲಿ ಕೊಂಬೆಗಿಂತ ಬೇಗ ಬೆಳೆಯುತ್ತದೆ, ಹಿಡಿತ ಮಾತ್ರ ತೊಗಟೆಯ ಹತ್ತಿರದ ತೆಳು ಪದರದಲ್ಲಷ್ಟೇ. ಜೋರು ಗಾಳಿಗೆ ಮೊದಲು ಮುರಿಯುವುದೇ ಅದು. ತಂತಿಗೆ ಮರ ಮೊದಲಿಗಿಂತ ಜಾಸ್ತಿ ಹತ್ತಿರವಾಯಿತು, ಅಷ್ಟೇ.

ಆಗ ಸರಿಯಾಗಿ ಸವರುವುದನ್ನು ಕಲಿಯಲು ಕೂತೆ. ಮೊದಲು ಒಂದು ಗೆರೆ ಹಾಕಿಕೊಂಡೆ. ನನ್ನ ಕೈ, ಉಪಕರಣ, ಬೀಳುವ ಕೊಂಬೆ, ಇದರಲ್ಲಿ ಯಾವುದಾದರೂ ತಂತಿಗೆ ಮೂರು ಮೀಟರ್ ಒಳಗೆ ಬರುವ ಹಾಗಿದ್ದರೆ ಆ ಕೆಲಸ ನನ್ನದಲ್ಲ. ಅದು ತರಬೇತಿ ಪಡೆದ ಲೈನ್‌ಮನ್‌ಗಳದ್ದು. ಉದ್ದ ಕೋಲಿನ ಗರಗಸ ಹಿಡಿದರೆ ಕೋಲಿನ ಉದ್ದವನ್ನೂ ಲೆಕ್ಕಕ್ಕೆ ಸೇರಿಸಬೇಕು. ಬಿಸಿಲಿಗೆ ಮತ್ತು ಲೋಡ್‌ಗೆ ತಂತಿ ಜೋತು ಬೀಳುತ್ತದೆ, ಗಾಳಿಗೆ ತೂಗುತ್ತದೆ. ಬೆಳಗ್ಗೆ ದೂರ ಕಂಡಿದ್ದು ಮಧ್ಯಾಹ್ನ ಅಷ್ಟು ದೂರ ಇರುವುದಿಲ್ಲ. ಅಲ್ಯೂಮಿನಿಯಂ ಏಣಿಯನ್ನಂತೂ ಆ ಕಡೆ ತರಲೇ ಇಲ್ಲ.

ಮನೆಯಲ್ಲಿ ಕರೆಂಟ್ ಹೋದಾಗ ಬೇಗ ಬೇಗ ಕಡಿದುಬಿಡೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಲೈನ್ ಟ್ರಿಪ್ ಆದ ಕೆಲವೇ ಸೆಕೆಂಡಿಗೆ ತಾನಾಗಿಯೇ ಮತ್ತೆ ಚಾಲೂ ಆಗುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಯಾರದೋ ಮನೆಯ ಜನರೇಟರ್‌ನಿಂದ ತಂತಿಗೆ ಹಿಮ್ಮುಖವಾಗಿ ಕರೆಂಟ್ ಬರಬಹುದು. ಲೈನ್‌ಮನ್ ಸಹ ಸ್ವಿಚ್ ತೆಗೆದು, ಟೆಸ್ಟರ್ ಹಿಡಿದು, ಅರ್ಥಿಂಗ್ ಕಟ್ಟಿದ ಮೇಲೆಯೇ ತಂತಿ ಮುಟ್ಟುತ್ತಾನೆ.

ಎರಡನೇ ಸಲ ಲೈನ್‌ಮನ್ ಬಂದಾಗ ನಾನೂ ಕೆಳಗೆ ನಿಂತು, ಯಾವ ಕವಲಿನಲ್ಲಿ ಕಡಿಯಬೇಕು ಅಂತ ತೋರಿಸಿದೆ. ತಂತಿ ಕಡೆ ಹೋಗುವ ಕೊಂಬೆಯನ್ನು ಅರ್ಧಕ್ಕೆ ಮೊಟಕು ಮಾಡದೆ, ಬೇರೆ ದಿಕ್ಕಿಗೆ ತಿರುಗಿದ ಕವಲಿನವರೆಗೆ ಪೂರ್ತಿ ತೆಗೆಯಬೇಕು. ಉಳಿಯುವ ಕವಲು, ತೆಗೆದ ಕೊಂಬೆಯ ಮೂರನೇ ಒಂದು ಭಾಗದಷ್ಟಾದರೂ ದಪ್ಪ ಇರಬೇಕು. ಆಗ ಮರದ ಬೆಳವಣಿಗೆ ಆ ಕಡೆಗೇ ಹರಿಯುತ್ತದೆ.

ತಂತಿಯಿಂದ ದೂರದ ಕೆಳಗಿನ ಕೊಂಬೆಗಳನ್ನು ನಾನೇ ತೆಗೆದೆ. ಕಾಂಡದಿಂದ ಒಂದು ಅಡಿ ಆಚೆ, ಅಡಿಯಿಂದ ಮೂರನೇ ಒಂದರಷ್ಟು ಗರಗಸ ಎಳೆದೆ. ಅದಕ್ಕಿಂತ ಎರಡು ಬೆರಳು ಹೊರಗೆ, ಮೇಲಿನಿಂದ ಪೂರ್ತಿ ಕೊಯ್ದೆ. ಲಟ್ ಅಂತ ಬಿತ್ತು, ತೊಗಟೆ ಸಿಗಿದು ಕಾಂಡಕ್ಕೆ ಇಳಿಯಲಿಲ್ಲ. ಮೂರನೆಯದಾಗಿ ಉಳಿದ ಮೋಟು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ಹಾಗೆ ಉಬ್ಬಿದ, ಸುಕ್ಕು ಸುಕ್ಕಾದ ಜಾಗ ಇರುತ್ತದೆ. ಅದರ ಹೊರ ಅಂಚಿಗೆ ಸರಿಯಾಗಿ ಕೊಯ್ಯಬೇಕು, ಉಬ್ಬನ್ನು ಮುಟ್ಟಬಾರದು. ಗಾಯ ಮುಚ್ಚುವುದು ಅಲ್ಲಿಂದಲೇ. ಬಣ್ಣ, ಟಾರು ಏನೂ ಬಳಿಯಲಿಲ್ಲ. ಸಾವಿರಾರು ಮರ ಸೀಳಿ ನೋಡಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ, ಮರವು ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಬಳಿದದ್ದು ಮರ ಕೊಳೆಯುವುದನ್ನು ತಡೆಯುವುದಿಲ್ಲ ಅಂತ ತೋರಿಸಿದ್ದರು. ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಲಿಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಬಹುದು ಅಲ್ವಾ? 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಒಹಾಯೊದಲ್ಲಿ ದೊಡ್ಡ ಲೈನ್‌ಗಳು ಸವರದೆ ಬಿಟ್ಟ ಮರಗಳಿಗೆ ತಾಗಿದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು.

ಈ ವರ್ಷ ಮಳೆಗೆ ಮುಂಚೆ ಬುಡದಲ್ಲಿ ನಿಂತು ನೋಡಿದೆ. ಉಬ್ಬು ಬಳೆಗಳು ಗಾಯದ ಮೇಲೆ ಅರ್ಧದಷ್ಟು ಮುಚ್ಚಿಕೊಂಡಿವೆ. ತಂತಿ ಕಡೆ ಮುಖ ಮಾಡಿರುವುದು ಹೆಬ್ಬೆರಳು ಗಾತ್ರದ ಎರಡು ಚಿಗುರು, ಇನ್ನೂ ಐದು ಮೀಟರ್ ಕೆಳಗಿವೆ. ನಾಳೆ ಬೆಳಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಕೈಗರಗಸದಿಂದ ತೆಗೆಯುತ್ತೇನೆ.