ಮೀನು ಬಿಡದೆಯೇ ಸೈಕಲ್ ಮುಗಿಸಿದೆ: ನನ್ನ ಅನುಭವ

ಮೀನಿನ ಕಸದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಕಡಿಮೆ ವಿಷದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಹೊಸ ತೊಟ್ಟಿಯಲ್ಲಿ ಬೆಳೆಸುವುದಕ್ಕೆ ಸೈಕಲ್ ಎನ್ನುತ್ತಾರೆ. ಖಾಲಿ ತೊಟ್ಟಿಗೆ ಅಮೋನಿಯಾ ಉಣಿಸಿ ಸೈಕಲ್ ಮಾಡುತ್ತೇನೆ ಎಂದಾಗ ನನ್ನ ಬಳಗದಲ್ಲಿ ಮೀನು ಸಾಕುವವರೆಲ್ಲ ಒಂದೇ ರಾಗ ಎಳೆದರು: "ಅದೆಲ್ಲ ಓದಿಕೊಂಡವರ ಹುಚ್ಚು. ನಾಲ್ಕು ಗಟ್ಟಿ ಮೀನು ಬಿಡು, ಒಂದು ತಿಂಗಳು ಸುಮ್ಮನಿರು." ನಾಲ್ಕು ಗಟ್ಟಿ ಮೀನು ಎಂದರೆ ಕಿವಿರು ಕೆಂಪಾಗಿ, ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುವ ನಾಲ್ಕು ಜೀವ. ಅದನ್ನು ದಿನವೂ ನೋಡುತ್ತ ಕೂರುವ ಮನಸ್ಸು ನನಗಿರಲಿಲ್ಲ. ಈಗ ಆ ನೂರು ಲೀಟರಿನ ತೊಟ್ಟಿಯಲ್ಲಿ ಇಪ್ಪತ್ತರ ಆಸುಪಾಸು ಟೆಟ್ರಾಗಳಿವೆ. ಎಲ್ಲವನ್ನೂ ಒಂದೇ ದಿನ ಬಿಟ್ಟದ್ದು, ಒಂದೂ ಸತ್ತಿಲ್ಲ. ಆಡಿಕೊಂಡವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಗಾಜಿನ ತೊಟ್ಟಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಟೆಸ್ಟ್ ಕಿಟ್‌ಗಳಿಗೆ ಕೊಟ್ಟೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಕೆಎಚ್ (ಆಮ್ಲವನ್ನು ತಡೆದು ಪಿಎಚ್ ಇಳಿಯದಂತೆ ಕಾಯುವ ಕಾರ್ಬೊನೇಟ್‌ನ ಅಳತೆ) ಎಲ್ಲವೂ ಹನಿ ಹಾಕಿ ನೋಡುವಂಥವು. ಪಟ್ಟಿ ಅದ್ದಿ ನೋಡುವ ಅಗ್ಗದ ಕಿಟ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಕಿಟ್‌ಗೆ ಸುರಿದ ಹಣವನ್ನು ಫಿಲ್ಟರ್‌ನಲ್ಲಿ ಉಳಿಸಿಕೊಂಡೆ: ತೊಟ್ಟಿಯ ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಬಿಟ್ಟು ದೊಡ್ಡದೊಂದು ಸ್ಪಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್. ಗುಳ್ಳೆಗಳು ನೀರಿನ ಮೇಲ್ಮೈಯನ್ನು ಚೆನ್ನಾಗಿ ಕದಡಿದರೆ ಸೈಕಲ್‌ಗೆ ಬೇಕಾದ ಆಮ್ಲಜನಕ ಸಿಗುತ್ತದೆ. ಹೀಟರ್ ಅನ್ನು 29 ಡಿಗ್ರಿಗೆ ಇಟ್ಟೆ. ನೀರಿನ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್. ಇಷ್ಟೇ ಸರಂಜಾಮು.

ನಿಜವಾಗಿ ನೀರಿಗೆ ಹೋಮವಾದ ಹಣ ಬಾಟಲಿ ಬ್ಯಾಕ್ಟೀರಿಯಾದ್ದು. ಎರಡು ಬಾಟಲಿ ಕೊಂಡೆ. ಎರಡರ ಬೆಲೆ ಸೇರಿಸಿದರೆ ಫಿಲ್ಟರ್ ಮತ್ತು ಪಂಪ್ ಎರಡೂ ಬರುತ್ತಿದ್ದವು. ಮೊದಲನೆಯದನ್ನು ಸುರಿದ ಮರುದಿನ ನೀರು ಹಾಲಿನಂತೆ ಬೆಳ್ಳಗಾಯಿತು. ಕೆಲಸ ಶುರುವಾಯಿತು ಎಂದು ಬಳಗದವರೆಲ್ಲ ಹೇಳಿದರು. ಅಮೋನಿಯಾ ಮಾತ್ರ ಮೂರು ವಾರ ಕಳೆದರೂ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬಿಟ್ಟು ಕದಲಲಿಲ್ಲ. ಆಮೇಲೆ ಚೀಟಿ ಓದಿದರೆ ಒಂದರಲ್ಲಿ ಇದ್ದದ್ದು ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. ಅದು ಬೀಜಕದ ರೂಪದಲ್ಲಿ ತಿಂಗಳುಗಟ್ಟಲೆ ಬಾಟಲಿಯಲ್ಲಿ ಬದುಕುತ್ತದೆ ನಿಜ, ಕಸ ಕೊಳೆಸುತ್ತದೆ, ಆದರೆ ನಮ್ಮ ಸೈಕಲ್ ನಡೆಸುವ ಜಾತಿ ಅದಲ್ಲ. ಸೈಕಲ್‌ಗೆ ಬೇಕಾದವು ಬೀಜಕ ಕಟ್ಟುವುದಿಲ್ಲ. ಬಿಸಿಲಿನ ಗೋದಾಮಿನಲ್ಲಿ ಬಿದ್ದಿದ್ದರೆ ಅವುಗಳ ಕಥೆ ಮುಗಿದಂತೆಯೇ. ಇನ್ನೊಂದು ಬಾಟಲಿ ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೆಸರು ಹೇಳಿಕೊಂಡಿತ್ತು. ಸಿಹಿನೀರಿನ ಅಕ್ವೇರಿಯಂನಲ್ಲಿ ನೈಟ್ರೈಟ್ ತಿನ್ನುವುದು ನೈಟ್ರೊಸ್ಪೈರಾ ಎಂಬ ಬೇರೆಯೇ ಬ್ಯಾಕ್ಟೀರಿಯಾ ಎಂದು ಸಂಶೋಧಕ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲೇ ತೋರಿಸಿಕೊಟ್ಟಿದ್ದಾರೆ. ಚೀಟಿ ಬರೆಯುವವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ. ತಣ್ಣಗೆ ಇಟ್ಟು ಮಾರುವ ಒಳ್ಳೆಯ ಬಾಟಲಿಗಳೂ ಇವೆ, ಅವು ಫಲ ಕೊಟ್ಟದ್ದನ್ನು ಬಲ್ಲೆ. ನನ್ನ ಕೈಗೆ ಬಂದವು ಅಂಥವಲ್ಲ.

ಎರಡನೆಯ ಸುತ್ತಿನಲ್ಲಿ ವರ್ಷಗಳಿಂದ ಓಡುತ್ತಿರುವ ತೊಟ್ಟಿಯೊಂದರಿಂದ ಅಂಗೈಯಗಲದ ಸ್ಪಂಜ್ ತುಂಡು ತಂದು ನನ್ನ ಫಿಲ್ಟರ್‌ಗೆ ಒತ್ತಿಕೊಂಡಿರುವಂತೆ ಕಟ್ಟಿದೆ. ಹಿಂಡಲಿಲ್ಲ, ತೊಳೆಯಲಿಲ್ಲ. ಹಿಂಡಿದ ಕಂದು ರಸವೇ ಸಾಕು ಎನ್ನುವವರಿದ್ದಾರೆ. ಬ್ಯಾಕ್ಟೀರಿಯಾ ಅಂಟಿಕೊಂಡು ಬದುಕುವುದು ಸ್ಪಂಜಿನ ಮೈಗೆ. ರಸದಲ್ಲಿ ಬರುವುದು ಉದುರಿದ್ದು ಮಾತ್ರ. ತುಂಡನ್ನು ದಾರಿಯಲ್ಲಿ ಹೇಗೆ ಜೀವಂತ ಇಟ್ಟುಕೊಂಡು ತಂದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಪುಡಿ ಬಳಸಿದೆ. ನೂರು ಲೀಟರಿಗೆ 0.6 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 2 ಪಿಪಿಎಂ. 4 ಹಾಕಿ, 5 ಹಾಕಿ ಎನ್ನುವ ಸಲಹೆಗಳನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಪಕ್ಕದಲ್ಲೇ ಎರಡು ಜಾಡಿಗಳಲ್ಲಿ ಅದೇ ಸ್ಪಂಜಿನ ಚೂರು ಹಾಕಿ ಒಂದಕ್ಕೆ 2, ಇನ್ನೊಂದಕ್ಕೆ 8 ಪಿಪಿಎಂ ಕೊಟ್ಟು ನೋಡಿದೆ. 2ರ ಜಾಡಿ ಎರಡು ಮೂರು ದಿನದಲ್ಲಿ ಖಾಲಿಯಾದರೆ 8ರ ಜಾಡಿ ಹಾಗೇ ಕುಳಿತಿತ್ತು. ಇನ್ನೊಂದು ಜಾಡಿಗೆ ಸ್ಪಂಜ್ ಇಲ್ಲದೆ ಹಳೆಯ ತೊಟ್ಟಿಯ ನೀರನ್ನಷ್ಟೇ ತುಂಬಿ 2 ಪಿಪಿಎಂ ಕೊಟ್ಟೆ. ವಾರ ಕಳೆದರೂ ಏನೂ ಆಗಲಿಲ್ಲ. "ಹಳೆಯ ನೀರು ತಂದು ಸುರಿ" ಎಂಬ ಸಲಹೆಗೆ ಇದೇ ನನ್ನ ಉತ್ತರ. ಜಾಡಿಗಳ ಹುಚ್ಚು ಹಿಡಿದ ಮೇಲೆ ನಾಲ್ಕನೆಯದೂ ಬಂತು: ಒಂದು ಹಿಡಿ ಹಾರ್ನ್‌ವರ್ಟ್ ಗಿಡ, ಸ್ಪಂಜ್ ಇಲ್ಲ. ಅಮೋನಿಯಾ ಕರಗಿತು, ಆದರೆ ನೈಟ್ರೈಟ್ ಕಾಣಿಸಲೇ ಇಲ್ಲ. ಗಿಡ ಅಮೋನಿಯಾವನ್ನೇ ನೇರವಾಗಿ ಹೀರಿಕೊಂಡಿತ್ತು. ಹಾಗಾಗಿ ಸೈಕಲ್ ಮುಗಿಯುವತನಕ ದೊಡ್ಡ ತೊಟ್ಟಿಗೆ ಗಿಡ ಹಾಕಲಿಲ್ಲ. ಗಿಡ ದಟ್ಟವಾಗಿ ನೆಟ್ಟು ಸೈಕಲ್‌ನ ಗೊಡವೆಯನ್ನೇ ಬಿಡುವವರ ದಾರಿಯೂ ತಪ್ಪಲ್ಲ, ಆದರೆ ಅಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ಕಿಟ್ ಹೇಳುವುದಿಲ್ಲ.

ವಾರದೊಳಗೆ ಅಮೋನಿಯಾ ಇಳಿಯತೊಡಗಿತು. ಸೊನ್ನೆಗೆ ಬಂದಾಗಲೆಲ್ಲ ಮತ್ತೆ 2 ಪಿಪಿಎಂ ಕೊಡುತ್ತ ಹೋದೆ. ಐದಾರು ಸಲ ಕೊಟ್ಟಿರಬೇಕು, ಅಷ್ಟರಲ್ಲಿ ಎಲ್ಲವೂ ನಿಂತುಹೋಯಿತು. ನೈಟ್ರೈಟ್ ಕೊಳವೆ ಹನಿ ಬಿದ್ದ ಕ್ಷಣವೇ ಗಾಢ ನೇರಳೆ. ಎರಡು ವಾರ ಅದೇ ಬಣ್ಣ. ಕೊನೆಗೆ ಅಮೋನಿಯಾವೂ ಇಳಿಯುವುದನ್ನು ಬಿಟ್ಟಿತು. "ನಾವು ಮೊದಲೇ ಹೇಳಿರಲಿಲ್ಲವೇ" ಎನ್ನುವ ದನಿಗಳು ಜೋರಾದವು. ತಾಳ್ಮೆ ಇರಲಿ ಎಂದರು ಕೆಲವರು, ಮೂರನೆಯ ಬಾಟಲಿ ತಾ ಎಂದರು ಇನ್ನು ಕೆಲವರು.

ನಾನು ಮಾಡಿದ್ದು ಎರಡು ಕೆಲಸ. ಒಂದು, ನೈಟ್ರೈಟ್ ಎಷ್ಟಿದೆ ಎಂದು ಸರಿಯಾಗಿ ಅಳೆದದ್ದು. ಕಿಟ್‌ನ ಬಣ್ಣಪಟ್ಟಿ 5 ಪಿಪಿಎಂಗೆ ಮುಗಿಯುತ್ತದೆ. ಅದರಾಚೆ ಇರುವುದೆಲ್ಲ ಒಂದೇ ನೇರಳೆ. ತೊಟ್ಟಿಯ ನೀರು 1 ಮಿಲಿ, ಡಿಸ್ಟಿಲ್ಡ್ ವಾಟರ್ 9 ಮಿಲಿ ಬೆರೆಸಿ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸಿದೆ. 25ರ ಆಸುಪಾಸು! ಒಂದು ಪಿಪಿಎಂ ಅಮೋನಿಯಾ ಸುಮಾರು 2.7 ಪಿಪಿಎಂ ನೈಟ್ರೈಟ್ ಆಗುತ್ತದೆ ಎಂಬ ಲೆಕ್ಕ ಹಿಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯದು ಕೆಎಚ್. ಐದು ಮಿಲಿ ನೀರಿಗೆ ಕಿಟ್‌ನ ದ್ರವವನ್ನು ಹನಿ ಹನಿಯಾಗಿ ಹಾಕುತ್ತ ಹೋದರೆ ನೀಲಿ ಬಣ್ಣ ಹಳದಿಗೆ ತಿರುಗುವತನಕ ಎಣಿಸಬೇಕು, ಎಷ್ಟು ಹನಿಯೋ ಅಷ್ಟು ಡಿಗ್ರಿ. ಆರಂಭದಲ್ಲಿ ನಾಲ್ಕು ಹನಿ ಬೇಕಾಗಿತ್ತು. ಈಗ ಮೊದಲ ಹನಿ ಬಿದ್ದಾಗ ನೀಲಿ ಕಾಣಿಸಲೇ ಇಲ್ಲ, ನೇರ ಹಳದಿ. ಪಿಎಚ್ 7.6ರಿಂದ 6ರ ಹತ್ತಿರಕ್ಕೆ ಜಾರಿತ್ತು. ಪ್ರತಿ 2 ಪಿಪಿಎಂ ಅಮೋನಿಯಾ ನೈಟ್ರೈಟ್ ಆಗುವಾಗ ಹುಟ್ಟುವ ಆಮ್ಲ ಸುಮಾರು 0.6 ಡಿಗ್ರಿ ಕೆಎಚ್ ಅನ್ನು ತಿಂದುಹಾಕುತ್ತದೆ. ನನ್ನದು ಮೊದಲೇ ಮೆದು ನೀರು; ಐದಾರು ಊಟಕ್ಕೆ ಖಜಾನೆ ಬರಿದಾಗಿತ್ತು. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಆಮ್ಲದ ನೀರಿನಲ್ಲಿ ಕೈಕಟ್ಟಿ ಕುಳಿತಿದ್ದವು.

ಅರ್ಧ ನೀರು ಬದಲಿಸಿದೆ. ನೀರು ತೆಗೆದರೆ ಸೈಕಲ್ ಹಾಳು ಎಂದು ಮತ್ತೆ ಬೊಬ್ಬೆ. ನೀರಿನಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಜಾಡಿಯೇ ಹೇಳಿತ್ತಲ್ಲ! ಆಮೇಲೆ ಅಡುಗೆ ಸೋಡಾ. ನೂರು ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಮಗ್ಗಿನಲ್ಲಿ ಕರಗಿಸಿ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಎಂದು ಸುಮಾರು ಹತ್ತು ಗ್ರಾಂ ಹಾಕಿದೆ. ಎರಡು ಬಾಟಲಿ ಮಾಡದ ಕೆಲಸವನ್ನು ಬಿಡಿಗಾಸಿನ ಪುಡಿ ಮಾಡಿತು: ನಾಲ್ಕೈದು ದಿನದಲ್ಲಿ ನೇರಳೆ ತಿಳಿಯಾಯಿತು, ಮತ್ತೆರಡು ದಿನಕ್ಕೆ ತಿಳಿನೀಲಿ. ಸೋಡಾದ ಜೊತೆ ಇನ್ನೊಂದು ಪದಾರ್ಥವನ್ನೂ ಚಿಟಿಕೆಯಷ್ಟು ಹಾಕಿದ್ದೆ. ಅದರ ಹೆಸರು ಹೇಳುವುದಿಲ್ಲ. ಬ್ಯಾಕ್ಟೀರಿಯಾ ಬರೀ ಸಾರಜನಕ ತಿಂದು ಬೆಳೆಯುವುದಿಲ್ಲ ಎಂಬ ಸುಳಿವು ಸಾಕು. ಒಂದು ಎಚ್ಚರಿಕೆ ಮಾತ್ರ: ತೊಟ್ಟಿಯಲ್ಲಿ ಮೀನು ಮತ್ತು ಅಮೋನಿಯಾ ಎರಡೂ ಇರುವಾಗ ಹೀಗೆ ಸೋಡಾ ಸುರಿಯಬೇಡಿ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಮೀನಿಲ್ಲದ ತೊಟ್ಟಿಯ ಅನುಕೂಲವೇ ಇದು, ಬೇಕಾದ್ದು ಮಾಡಬಹುದು.

ಕೊನೆಯ ಪರೀಕ್ಷೆಯಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಸಂಜೆ 2 ಪಿಪಿಎಂ ಕೊಟ್ಟರೆ ಮರುದಿನ ಸಂಜೆಗೆ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಇರಬೇಕು. ಒಂದು ದಿನ ಬಂದರೆ ಸಾಲದು, ಸತತವಾಗಿ ಮೂರು ಸಲ. ನೈಟ್ರೇಟ್ ಆಗ ಪಟ್ಟಿಯ ಕಡುಗೆಂಪಿಗೇರಿತ್ತು. ಅಂದಹಾಗೆ ನೈಟ್ರೇಟ್ ಕಿಟ್‌ನ ಎರಡನೆಯ ಬಾಟಲಿಯನ್ನು ಜೋರಾಗಿ, ಕೈ ನೋಯುವಷ್ಟು ಕುಲುಕದಿದ್ದರೆ ಅಂಕಿ ಕಡಿಮೆ ಬರುತ್ತದೆ. ನೀರಿನಲ್ಲಿ ನೈಟ್ರೈಟ್ ಉಳಿದಿರುವಾಗ ಅದೇ ಕಿಟ್ ಹೆಚ್ಚು ತೋರಿಸುತ್ತದೆ, ಆಗ ಅದನ್ನು ನೋಡುವುದೇ ದಂಡ. ಮುಕ್ಕಾಲಿಗೂ ಮೀರಿ ನೀರು ಬದಲಿಸಿ, ಹೀಟರ್ 25ಕ್ಕೆ ಇಳಿಸಿ, ಅದೇ ದಿನ ಟೆಟ್ರಾ ಬಿಟ್ಟೆ. ಬಾಟಲಿ ಬ್ಯಾಕ್ಟೀರಿಯಾದ ಮೊದಲ ಸುತ್ತನ್ನು ಬಿಟ್ಟರೆ ಒಟ್ಟು ಐದು ವಾರದ ಆಸುಪಾಸು.

ಮೊನ್ನೆ ಎರಡನೆಯ ತೊಟ್ಟಿ ಇಟ್ಟೆ, ಅರವತ್ತು ಲೀಟರಿನದು. ಈ ಸಲ ಮೊದಲೇ ಕೆಎಚ್ ಅನ್ನು 5ಕ್ಕೆ ಏರಿಸಿ, ಪ್ರತಿ ಮೂರನೆಯ ಅಮೋನಿಯಾ ಊಟಕ್ಕೊಮ್ಮೆ ಹನಿ ಎಣಿಸುತ್ತಿದ್ದೇನೆ. ಹತ್ತು ದಿನದೊಳಗೆ ನೈಟ್ರೈಟ್ ಏರಿ ಇಳಿಯಿತು, ನೇರಳೆ ಎರಡು ದಿನವೂ ನಿಲ್ಲಲಿಲ್ಲ. ಜಾಡಿಗಳನ್ನು ಇನ್ನೂ ತೆಗೆದಿಲ್ಲ. ಹೀಟರ್ ಇಲ್ಲದೆ ಎಷ್ಟು ನಿಧಾನವಾಗುತ್ತದೆ ಎಂದು ಒಂದರಲ್ಲಿ ನೋಡುತ್ತಿದ್ದೇನೆ.