ಅಡುಗೆಮನೆ, ಬಾತ್‌ರೂಮ್ ಹೊಸದಾಗಿ ಮಾಡಿಸ್ತೀರಾ? ಮೊದಲು ನೀರು ನೋಡಿ, ಆಮೇಲೆ ಟೈಲ್ಸ್

ಹೊಳಪಿಲ್ಲದ ಮ್ಯಾಟ್ ಫಿನಿಷ್‌ನ ಕಪ್ಪು ನಲ್ಲಿ, ಗೋಡೆಗೆ ತೂಗುಹಾಕಿದ ಕಮೋಡ್, ಹಿಡಿಕೆನೇ ಇಲ್ಲದ ಡ್ರಾಯರ್, ಬಿಳಿ ಕ್ವಾರ್ಟ್ಜ್ ಕಟ್ಟೆ. ಈಗ ಮನೆ ಮಾಡಿಸೋ ಎಲ್ಲರ ಫೋನಲ್ಲೂ ಇವೇ ಫೋಟೋಗಳು. ಚೆನ್ನಾಗೇ ಇರುತ್ತೆ, ಬೇಡ ಅನ್ನಲ್ಲ. ಆದ್ರೆ ನಮ್ಮನೆಗೆ ಯಾವುದು ಒಗ್ಗುತ್ತೆ ಅನ್ನೋದನ್ನ ನಮ್ಮ ಬೋರ್‌ವೆಲ್ ನೀರು, ಒಗ್ಗರಣೆ ಹೊಗೆ, ಮನೇಲಿರೋ ವಯಸ್ಸಾದವರು ಇವೇ ಹೇಳ್ಬೇಕು. ಹೋದ ವರ್ಷ ನಮ್ಮ 30 ವರ್ಷದ ಹಳೇ ಮನೆಯ ಅಡುಗೆಮನೆ, ಬಚ್ಚಲು ಎರಡನ್ನೂ ಒಡೆಸಿ ಮಾಡಿಸಿದ್ವಿ, ಆಗ ಕಲಿತಿದ್ದನ್ನ ಮಾಡಿಸೋ ಕ್ರಮದಲ್ಲೇ ಹೇಳ್ತೀನಿ.

ಅಂಗಡಿಗೆ ಹೋಗೋ ಮುಂಚೆ ಹಳೇ ನಲ್ಲಿಗಳ ಬಾಯಿ ನೋಡಿ. ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿದ್ರೆ ನಿಮ್ಮದು ಗಡಸು ನೀರು. ಅಂಥ ನೀರಿಗೆ ಕಪ್ಪು ನಲ್ಲಿ, ಗ್ಲಾಸ್ ಪಾರ್ಟಿಷನ್ ಎರಡೂ ಕಷ್ಟ, ಒಣಗಿದ ಪ್ರತಿ ಹನಿಯೂ ಕಲೆ ಆಗಿ ಕಾಣುತ್ತೆ, ಆ ಕಲೆ ಬಿಡಿಸೋಕೆ ಆಸಿಡ್ ಹಾಕಿ ಉಜ್ಜಿದ್ರೆ ಮೇಲಿನ ಕೋಟಿಂಗೇ ಹಾಳಾಗುತ್ತೆ. ಕ್ರೋಮ್ ಅಥವಾ ಬ್ರಷ್ಡ್ ಸ್ಟೀಲ್ ತಗೊಳ್ಳಿ, ಏರೇಟರ್ ಇರೋದನ್ನೇ ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ನೀರಿಗೆ ತತ್ವಾರ ಆದಾಗ ಜಲಮಂಡಳಿ ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ಇದನ್ನ ಹಾಕಿಸಲೇಬೇಕು ಅಂದಿದ್ದು ನೆನಪಿರಬಹುದು, ಸಣ್ಣ ಜಾಲರಿ ಅಷ್ಟೇ, ಆದ್ರೆ ನೀರಿಗೆ ಗಾಳಿ ಬೆರೆಸಿ ಬಿಡೋದ್ರಿಂದ ಖರ್ಚು ಚೆನ್ನಾಗಿ ಕಡಿಮೆ ಆಗುತ್ತೆ.

ಆಮೇಲೆ ಅಡುಗೆಮನೆ ಅಳತೆ. 1926ರಲ್ಲಿ ಆಸ್ಟ್ರಿಯಾದ ಆರ್ಕಿಟೆಕ್ಟ್ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಫ್ರಾಂಕ್‌ಫರ್ಟ್‌ನ ಸಣ್ಣ ಮನೆಗಳಿಗೆ ಅಡುಗೆಮನೆ ಡಿಸೈನ್ ಮಾಡಿದಾಗ, ಅಡುಗೆ ಮಾಡೋರಿಗೆ ಎಷ್ಟು ಹೆಜ್ಜೆ ಉಳಿಸಬಹುದು ಅಂತಾನೇ ಲೆಕ್ಕ ಹಾಕಿದ್ರು, ಇವತ್ತಿನ ಮಾಡ್ಯುಲರ್ ಕಿಚನ್‌ಗೆ ಅದೇ ಅಜ್ಜಿ. ನೀವೂ ಹಾಗೇ ಮಾಡಿ, ನೆಲದ ಮೇಲೆ ಚಾಕ್‌ಪೀಸಲ್ಲಿ ಸ್ಟವ್, ಸಿಂಕ್, ಫ್ರಿಜ್ ಬರೆದು ಸಾರು-ಪಲ್ಯ ಮಾಡೋ ತರ ಓಡಾಡಿ ನೋಡಿ. ಕಟ್ಟೆ ಎತ್ತರ ಸಾಮಾನ್ಯವಾಗಿ 32ರಿಂದ 34 ಇಂಚು ಇಡ್ತಾರೆ, ಆದ್ರೆ ಅಡುಗೆ ಮಾಡೋರು ಮೊಣಕೈ ಮಡಚಿ ನಿಂತು ಅದಕ್ಕಿಂತ 4 ಇಂಚು ಕೆಳಗೆ ಗುರುತು ಹಾಕಿದ್ರೆ ಅದೇ ಸರಿಯಾದ ಅಳತೆ. ನಮ್ಮಮ್ಮ ಕುಳ್ಳು, ಹಳೇ ಕಟ್ಟೆ ಮೇಲೆ ಚಪಾತಿ ಲಟ್ಟಿಸೋಕೆ ಇಷ್ಟು ವರ್ಷ ಭುಜ ಎತ್ತಿಕೊಂಡೇ ನಿಂತಿದ್ರು, ಯಾರೂ ಗಮನಿಸೇ ಇರ್ಲಿಲ್ಲ.

ಓಪನ್ ಕಿಚನ್ ಆಸೆ ಇದ್ರೆ ಮಧ್ಯದಲ್ಲಿ ಒಂದು ಸ್ಲೈಡಿಂಗ್ ಗ್ಲಾಸ್ ಡೋರ್ ಇಡಿಸಿ, ಇಲ್ಲಾಂದ್ರೆ ಮೆಣಸಿನಕಾಯಿ ಒಗ್ಗರಣೆಗೆ ಹಾಲ್‌ನಲ್ಲಿ ಕೂತವರೆಲ್ಲ ಕೆಮ್ಮಬೇಕಾಗುತ್ತೆ. ಚಿಮಣಿ ಪೈಪ್ ಆದಷ್ಟು ನೇರವಾಗಿ ಹೊರಗೆ ಹೋಗ್ಲಿ, ಬೆಂಡ್ ಜಾಸ್ತಿ ಆದಷ್ಟೂ ಎಳೆಯೋ ಶಕ್ತಿ ಕಡಿಮೆ. ಸಿಂಕ್ ಕೆಳಗಿನ ಕಪಾಟಿಗೆ ಮಾತ್ರ ಪಾರ್ಟಿಕಲ್ ಬೋರ್ಡ್, ಅಂದ್ರೆ ಮರದ ಚೂರು ಅಂಟಿಸಿ ಮಾಡಿದ ಹಲಗೆ ಒಪ್ಪಬೇಡಿ, ನೀರು ತಡೆಯೋ ಪ್ಲೈವುಡ್‌ಗೆ ಕೊಡೋ ಐಎಸ್ 710 ಮುದ್ರೆ ಇರೋದೇ ಬೇಕು ಅನ್ನಿ.

ಕಟ್ಟೆಗೆ ಕ್ವಾರ್ಟ್ಜಾ, ಗ್ರಾನೈಟಾ? ನನ್ನ ಓಟು ಗ್ರಾನೈಟ್‌ಗೆ. ಕ್ವಾರ್ಟ್ಜ್ ಅಂತ ಮಾರೋದು ಕಲ್ಲುಪುಡಿಯನ್ನ ರೆಸಿನ್ ಹಾಕಿ ಅಂಟಿಸಿದ್ದು, ಸ್ಟವ್ ಮೇಲಿಂದ ಇಳಿಸಿದ ಬಾಣಲೆನ ಸೀದಾ ಇಟ್ರೆ ಕಲೆ ಬೀಳುತ್ತೆ. ಅದಕ್ಕಿಂತ ದೊಡ್ಡ ವಿಷಯ ಅದನ್ನ ಕತ್ತರಿಸೋರದು, ಆ ಧೂಳಲ್ಲಿ ಸಿಲಿಕಾ ತುಂಬಾ ಜಾಸ್ತಿ, ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅನ್ನೋ ಕಾಯಿಲೆ ಬರುತ್ತೆ ಅಂತ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನ ನಿಷೇಧಿಸಿದೆ. ನಮ್ಮ ಚಾಮರಾಜನಗರದ ಕಪ್ಪು ಕಲ್ಲು ದೇಶ ವಿದೇಶಕ್ಕೆಲ್ಲ ಹೋಗುತ್ತೆ, ನಮಗ್ಯಾಕೆ ಬೇಡ? ಯಾವ ಕಲ್ಲೇ ಆಗ್ಲಿ ನೀರು ಬಿಟ್ಕೊಂಡು ಕಟ್ ಮಾಡೋಕೆ ಹೇಳಿ, ಕೆಲಸದವರಿಗೆ ಒಳ್ಳೇ ಮಾಸ್ಕ್ ನೀವೇ ತಂದುಕೊಡಿ.

ಬಾತ್‌ರೂಮಲ್ಲಿ ಎಲ್ಲಕ್ಕಿಂತ ಮುಖ್ಯ ಕಣ್ಣಿಗೆ ಕಾಣದೇ ಇರೋ ಕೆಲಸ. ಪೈಪ್ ಆದ್ಮೇಲೆ ವಾಟರ್‌ಪ್ರೂಫಿಂಗ್, ಅದು ಒಣಗಿದ್ಮೇಲೆ ನೀರು ಹೊರಹೋಗೋ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ಕೆಳಗಡೆ ತೇವ ಬರುತ್ತಾ ನೋಡ್ಬೇಕು. ನಮ್ಮ ಕಂಟ್ರಾಕ್ಟರ್ ಒಂದೇ ರಾತ್ರಿ ಸಾಕು ಅಂದ್ರು, ನಾವೂ ಹೂಂ ಅಂದ್ವಿ, ಮೂರು ತಿಂಗಳಿಗೆ ಕೆಳಗಿನ ರೂಮಿನ ಸೀಲಿಂಗಲ್ಲಿ ಹಳದಿ ಕಲೆ, ಹಾಕಿದ ಟೈಲ್ಸ್ ಎಲ್ಲ ಮತ್ತೆ ಒಡೆಸಿದ್ವಿ. ಇದೊಂದರಲ್ಲಿ ದಯವಿಟ್ಟು ಅವಸರ ಮಾಡಬೇಡಿ.

ನೆಲಕ್ಕೆ ದೊಡ್ಡ ಟೈಲ್ಸ್ ಬೇಕಂದ್ರೆ ನೀರು ಹೋಗೋಕೆ ಗೋಡೆ ಉದ್ದಕ್ಕೂ ಬರೋ ಉದ್ದ ಜಾಲರಿ ಹಾಕ್ಸಿ, ಆಗ ಒಂದೇ ಕಡೆ ವಾಟ ಕೊಟ್ರೆ ಸಾಕು. ಮೂಲೇಲಿ ಚೌಕದ ಜಾಲರಿ ಇದ್ರೆ ಸಣ್ಣ ಟೈಲ್ಸೇ ಒಳ್ಳೇದು. ಸ್ನಾನದ ಜಾಗಕ್ಕೆ ಆರ್ 11 ಗುರುತಿನ ಜಾರದ ಟೈಲ್ಸ್ ಕೇಳಿ.

ತೂಗು ಕಮೋಡ್ ನನಗೆ ನಿಜಕ್ಕೂ ಇಷ್ಟ ಆಯ್ತು. ಕೆಳಗೆ ಸಲೀಸಾಗಿ ಗುಡಿಸಬಹುದು, ಮಂಡಿನೋವು ಇರೋರಿಗೆ ಬೇಕಾದ ಎತ್ತರಕ್ಕೆ ಇಡಿಸಬಹುದು, ನಾವು 18 ಇಂಚಿಗೆ ಇಡಿಸಿದ್ವಿ. ಅದರ ಕಬ್ಬಿಣದ ಫ್ರೇಮ್ ಟೈಲ್ಸ್‌ಗೆ ಮುಂಚೆನೇ ಕೂರಬೇಕು, ಟ್ಯಾಂಕ್ ಗೋಡೆ ಒಳಗಿರೋದ್ರಿಂದ ಅದರ ರಿಪೇರಿ ಎಲ್ಲ ಫ್ಲಶ್ ಪ್ಲೇಟ್, ಅಂದ್ರೆ ಒತ್ತೋ ಬಟನ್ ಇರೋ ಫಲಕ ತೆಗೆದೇ ಮಾಡೋದು, ಹಾಗಾಗಿ ಪ್ಲೇಟ್ ಮುಂದೆ ಶೆಲ್ಫ್ ಗಿಲ್ಫ್ ಬರದ ಹಾಗೆ ನೋಡ್ಕೊಳ್ಳಿ. ಪಕ್ಕದಲ್ಲಿ ಹಿಡ್ಕೊಂಡು ಏಳೋಕೆ ಸ್ಟೀಲ್ ಬಾರ್ ಕೂಡ ಈಗಲೇ ಹಾಕ್ಸಿ, ಬಿದ್ದ ಮೇಲೆ ಅಲ್ಲ.

ಗೋಡೆ ಮುಚ್ಚೋ ಮುಂಚೆ ಅಳತೆ ಟೇಪ್ ಹಿಡಿದು ಪ್ರತಿ ಪೈಪ್, ಪ್ರತಿ ವೈರ್‌ದೂ ಫೋಟೋ ತೆಗೆದಿಟ್ಕೊಳ್ಳಿ. ಮೊನ್ನೆ ಟವೆಲ್ ರಾಡ್ ಹಾಕೋಕೆ ಬಂದವನು ಡ್ರಿಲ್ ಹಿಡಿದಾಗ ಆ ಫೋಟೋ ತೆಗೆದು ನೋಡಿದ್ವಿ, ಅವನು ಗುರುತು ಹಾಕಿದ್ದ ಜಾಗದಿಂದ ಬಿಸಿನೀರಿನ ಪೈಪ್ ಬರೀ ಅರ್ಧ ಇಂಚು ಆಚೆ ಇತ್ತು.